ಹಳೆಯ ಪೋರ್ಷೆಗೆ ಎಕ್ಸ್‌ಟೆಂಡೆಡ್ ವಾರಂಟಿ: ನಂಬಿಕೆ ಎಷ್ಟು, ನಿಜ ಎಷ್ಟು

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಬೆಲೆ ಕುದುರಿದ ಮಾತ್ರಕ್ಕೆ ವ್ಯವಹಾರ ಮುಗಿಯುವುದಿಲ್ಲ. ಡೀಲರ್ ನಿಮ್ಮನ್ನು ಫೈನಾನ್ಸ್ ಕೋಣೆಯಲ್ಲಿ ಕೂರಿಸುತ್ತಾನೆ. ಸಾಲದ ಕಾಗದಗಳ ನಡುವೆ ಇನ್ನೊಂದು ಕಾಗದ ಮುಂದೆ ಬರುತ್ತದೆ: ಎಕ್ಸ್‌ಟೆಂಡೆಡ್ ವಾರಂಟಿ. ದಿನನಿತ್ಯ ಓಡಾಡುವ ಟೊಯೋಟ, ಹೋಂಡಾಗಳಾದರೆ ಬೇಡ ಅನ್ನುವುದು ಕಷ್ಟವಲ್ಲ. ಕೊಳ್ಳುತ್ತಿರುವುದು ಹಳೆಯ ಪೋರ್ಷೆ 911 ಆದಾಗ ಮಾತ್ರ, ಎಂಜಿನ್ ಹೋದರೆ ಗತಿ ಏನು ಎಂಬ ಒಂದೇ ಪ್ರಶ್ನೆಗೆ ಎಂಥ ಲೆಕ್ಕಾಚಾರದ ಮನುಷ್ಯನೂ ಪೆನ್ನು ಎತ್ತಿಕೊಳ್ಳುತ್ತಾನೆ. ಸಿಲಿಕಾನ್ ಕಣಿವೆಯಲ್ಲಿ ನೆಲೆ ನಿಂತ ನಮ್ಮವರಲ್ಲೂ, ಮನೆ ಸಾಲ, ಮಕ್ಕಳ ಓದು ಒಂದು ಹದಕ್ಕೆ ಬಂದ ಮೇಲೆ, ಎಷ್ಟೋ ವರ್ಷದ ಇಂಥ ಆಸೆಯನ್ನು ತೀರಿಸಿಕೊಳ್ಳುವವರಿದ್ದಾರೆ. ಸಾವಿರಾರು ಡಾಲರ್‌ಗೆ ಸಹಿ ಹಾಕುವ ಮೊದಲು ಅವರು ಕಾರಿನ ಬಗ್ಗೆ ಮಾಡಿದಷ್ಟೇ ವಿಚಾರಣೆಯನ್ನು ಆ ಕಾಗದದ ಬಗ್ಗೆಯೂ ಮಾಡಬೇಕು ಎಂಬುದು ನನ್ನ ಕಳಕಳಿ. ಏಕೆಂದರೆ ಅದರ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಹೆಚ್ಚಿನವು ತಪ್ಪು.

"ಇದು ಕಂಪನಿಯ ವಾರಂಟಿಯೇ, ಇನ್ನಷ್ಟು ವರ್ಷ ಮುಂದುವರಿಯುತ್ತದೆ"

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಅಮೆರಿಕದ ಕಾನೂನಿನ ಕಣ್ಣಿನಲ್ಲಿ ವಾರಂಟಿ ಎಂದರೆ ವಸ್ತುವಿನ ಬೆಲೆಯೊಳಗೇ ಸೇರಿ ಬರುವ ಭರವಸೆ. ಪ್ರತ್ಯೇಕ ಹಣ ಕೊಟ್ಟು ಕೊಳ್ಳುವುದು ಸರ್ವಿಸ್ ಕಾಂಟ್ರಾಕ್ಟ್, ಅಂದರೆ ರಿಪೇರಿಯ ಕರಾರು. 1975ರ ಮ್ಯಾಗ್ನಸನ್–ಮಾಸ್ ಕಾಯಿದೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ಕಾಣುತ್ತದೆ. ಕರಾರನ್ನು ಮಾರುವವನು ಒಬ್ಬ, ಕ್ಲೈಮ್ ಒಪ್ಪುವ ಅಥವಾ ತಳ್ಳಿಹಾಕುವ ಸಂಸ್ಥೆ ಇನ್ನೊಂದು, ಹಣದ ಹೊಣೆ ಹೊರುವ ವಿಮಾ ಕಂಪನಿ ಮತ್ತೊಂದು ಇರುವುದು ಸಾಮಾನ್ಯ. ಪೋರ್ಷೆಯ ಹೆಸರು ಕಾಗದದಲ್ಲಿ ಕಂಡರೂ ಅದು ನಿಮ್ಮ ಕಾರಿನ ಹೆಸರಾಗಿ ಬಂದಿರಬಹುದೇ ಹೊರತು ಹೊಣೆಗಾರನ ಹೆಸರಾಗಿ ಅಲ್ಲ.

ಈ ವ್ಯಾಪಾರದ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. ಒಂದು ಕಾಲಕ್ಕೆ ಇಂಥ ಕರಾರುಗಳನ್ನು ದೇಶದಲ್ಲೇ ಹೆಚ್ಚು ಮಾರುತ್ತಿದ್ದ ಮಿಸ್ಸೌರಿಯ ಯುಎಸ್ ಫಿಡೆಲಿಸ್ 2010ರಲ್ಲಿ ದಿವಾಳಿ ಎದ್ದಿತು. 'ನಿಮ್ಮ ಕಾರಿನ ವಾರಂಟಿ ಮುಗಿಯುತ್ತಿದೆ' ಎಂದು ಕೋಟಿಗಟ್ಟಲೆ ರೆಕಾರ್ಡೆಡ್ ಕರೆ ಮಾಡಿದ ಜಾಲದ ಮೇಲೆ ಅಲ್ಲಿನ ಸಂವಹನ ಆಯೋಗ 2023ರಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. 2024ರಲ್ಲಿ ಕಾರ್‌ಶೀಲ್ಡ್ ಎಂಬ ಹೆಸರಾಂತ ಮಾರಾಟಗಾರ ಸಂಸ್ಥೆ, ಜಾಹೀರಾತಿನಲ್ಲಿ ಜನರನ್ನು ದಾರಿ ತಪ್ಪಿಸಿತೆಂಬ ಆರೋಪವನ್ನು ಇತ್ಯರ್ಥಗೊಳಿಸಲು ಫೆಡರಲ್ ಟ್ರೇಡ್ ಕಮಿಷನ್ ಜೊತೆ ಒಂದು ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಕಂಪನಿಯದೇ ಆದ ವ್ಯವಸ್ಥೆಯೂ ಇದೆ, ಅದನ್ನು ಇದರೊಂದಿಗೆ ಬೆರೆಸಬಾರದು. ಪೋರ್ಷೆ ಅಲ್ಲಿ ಹೊಸ ಕಾರಿಗೆ 4 ವರ್ಷ ಅಥವಾ 50,000 ಮೈಲಿಯ ವಾರಂಟಿ ಕೊಡುತ್ತದೆ. ಅಧಿಕೃತ ಡೀಲರ್ 111 ಅಂಶಗಳ ತಪಾಸಣೆ ಮಾಡಿ 'ಸರ್ಟಿಫೈಡ್' ಎಂದು ಮಾರಿದ ಹಳೆಯ ಕಾರಿಗೆ ಮತ್ತೆ 2 ವರ್ಷ ಸಿಗುತ್ತದೆ, ಮೈಲಿಯ ಮಿತಿ ಇಲ್ಲ. ಇಂಥ ಕಾರಿಗೆ ಬೆಲೆ ಜಾಸ್ತಿ. ಆದರೆ ಆ ಹೆಚ್ಚುವರಿ ಹಣಕ್ಕೆ ಒಂದು ತಪಾಸಣೆ ಮತ್ತು ಕಾರು ತಯಾರಿಸಿದವನದೇ ಹೊಣೆ ಎರಡೂ ಸಿಗುತ್ತವೆ.

"ಎಂಜಿನ್ ಹೋದರೆ ಅವರೇ ನೋಡಿಕೊಳ್ಳುತ್ತಾರೆ"

ಎಲ್ಲಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆ ಇದು. ಇದನ್ನು ಒಂದು ಬೇರಿಂಗಿನ ಕಥೆಯ ಮೂಲಕವೇ ಹೇಳಬೇಕು.

1997ರಿಂದ ಬಂದ ಪೋರ್ಷೆಯ ಬಾಕ್ಸ್‌ಟರ್ ಮತ್ತು ಆಮೇಲೆ ಬಂದ 996 ತಲೆಮಾರಿನ 911, ನೀರಿನಿಂದ ತಣಿಯುವ ಹೊಸ ಆರು ಸಿಲಿಂಡರ್ ಎಂಜಿನ್ ಪಡೆದವು. ಅದರ ಹೊಟ್ಟೆಯಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡವಿದೆ. ಕ್ರ್ಯಾಂಕ್‌ಶಾಫ್ಟಿನಿಂದ ತಿರುವು ಪಡೆದು, ಚೈನುಗಳ ಮೂಲಕ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವುದು ಅದರ ಕೆಲಸ. ದಂಡದ ಫ್ಲೈವೀಲ್ ಕಡೆಯ ತುದಿಯನ್ನು ಹಿಡಿದಿರುವುದು ಮುಚ್ಚಿದ ಒಂದು ಬಾಲ್ ಬೇರಿಂಗ್. ಕಾಲ ಕಳೆದಂತೆ ಅದರ ಸೀಲು ಗಟ್ಟಿಯಾಗಿ, ಒಳಗಿನ ಗ್ರೀಸು ತೊಳೆದು ಹೋಗುತ್ತದೆ. ಹೊಸ ಎಣ್ಣೆಯೂ ಸರಿಯಾಗಿ ಒಳಗೆ ಹರಿಯದು. ಬೇರಿಂಗ್ ಒಡೆದರೆ ದಂಡ ಅಲುಗುತ್ತದೆ, ಕ್ಯಾಮ್ ಟೈಮಿಂಗ್ ತಪ್ಪುತ್ತದೆ, ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು. ಮೊದಲ ವರ್ಷಗಳ ಎರಡು ಸಾಲಿನ ಬೇರಿಂಗ್ ಹೆಚ್ಚು ಬಾಳಿಕೆ ಬಂತು. ಆಮೇಲೆ ಬಳಸಿದ ಒಂದು ಸಾಲಿನದು ಅಷ್ಟು ಬರಲಿಲ್ಲ. ಗ್ರಾಹಕರು ಅಮೆರಿಕದಲ್ಲಿ ಸಾಮೂಹಿಕ ದಾವೆ ಹೂಡಿದರು. 2013ರ ಇತ್ಯರ್ಥದಲ್ಲಿ 2001ರಿಂದ 2005ರ ಮಾದರಿಯ ಕಾರುಗಳಿಗೆ ಪರಿಹಾರ ಸಿಕ್ಕಿತು, ಹತ್ತು ವರ್ಷದ ಮಿತಿಯೊಳಗೆ. ಆ ಗಡುವು ಎಂದೋ ದಾಟಿದೆ. ಇವತ್ತು ಅಂಥ ಕಾರು ಕೊಂಡವರಿಗೆ ಅದರಿಂದ ಒಂದು ಡಾಲರೂ ಬಾರದು.

ಈಗ ವಾರಂಟಿಯ ಪ್ರಶ್ನೆಗೆ ಬರೋಣ. ಈ ಬೇರಿಂಗನ್ನು ಎಂಜಿನ್ ಬಿಚ್ಚದೆ, ಗೇರ್‌ಬಾಕ್ಸ್ ಇಳಿಸಿ ಹೊರಗಿನಿಂದಲೇ ಬದಲಿಸಬಹುದು. ಕ್ಲಚ್ ಬದಲಿಸುವಾಗ ಹೇಗೂ ಗೇರ್‌ಬಾಕ್ಸ್ ಇಳಿಸುತ್ತಾರೆ, ಅದೇ ಸಮಯದಲ್ಲಿ ಇದನ್ನೂ ಮಾಡಿಸಿಬಿಡುವುದು ಅನುಭವಿ ಮೆಕ್ಯಾನಿಕ್‌ಗಳು ಹೇಳುವ ದಾರಿ. ಈ ಜಾಣ ಖರ್ಚಿಗೆ ಎಕ್ಸ್‌ಟೆಂಡೆಡ್ ವಾರಂಟಿಯಿಂದ ಏನೂ ಬರುವುದಿಲ್ಲ. ಕ್ಲಚ್ ಸವೆಯುವ ಭಾಗ, ಆದ್ದರಿಂದ ಹೊರಗೆ. ಬೇರಿಂಗ್ ಇನ್ನೂ ಕೆಟ್ಟಿಲ್ಲ, ಆದ್ದರಿಂದ ಅದೂ ಹೊರಗೆ. ಕರಾರು ಹಣ ಕೊಡುವುದು ಕೆಟ್ಟ ಮೇಲೆ, ಅದೂ ಕೆಟ್ಟದ್ದು ಅವರ ಷರತ್ತಿಗೆ ಹೊಂದಿದರೆ. ಇನ್ನೊಂದು ತೊಡಕೂ ಇದೆ. ಮುಂಜಾಗ್ರತೆಯಾಗಿ ಹಾಕಿಸಿದ ಬೇರಿಂಗ್ ಪೋರ್ಷೆಯದಲ್ಲದ್ದಾದರೆ, ಅದನ್ನು 'ಮಾರ್ಪಾಡು' ಎಂದು ಕರೆದು ಕ್ಲೈಮ್ ನಿರಾಕರಿಸಲು ಕೆಲವು ಕರಾರುಗಳ ಭಾಷೆಯಲ್ಲಿ ಜಾಗವಿರುತ್ತದೆ. ಆದ್ದರಿಂದ 996 ಅಥವಾ ಆ ಕಾಲದ ಬಾಕ್ಸ್‌ಟರ್ ಕೊಳ್ಳುವವರಿಗೆ ನನ್ನ ಮಾತು ನೇರ: ವಾರಂಟಿಗೆ ಕೊಡುವ ಹಣವನ್ನು ಕ್ಲಚ್ಚಿಗೂ ಬೇರಿಂಗಿಗೂ ಹಾಕಿ.

ಅದೇ ಎಂಜಿನ್ ವಂಶದ ಇನ್ನೊಂದು ಕಾಯಿಲೆ ಸಿಲಿಂಡರಿನ ಒಳಗೋಡೆಯಲ್ಲಿ ಗೀರು ಬೀಳುವುದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಎಣ್ಣೆ ಕುಡಿಯುವುದು, ಎರಡರಲ್ಲಿ ಒಂದು ಸೈಲೆನ್ಸರ್ ಕೊಳವೆಗೆ ಮಾತ್ರ ಮಸಿ ಹಿಡಿಯುವುದು ಇದರ ಗುರುತುಗಳು. ಇದು ಒಂದೇ ದಿನದಲ್ಲಿ ಆಗುವುದಲ್ಲ, ಮೆಲ್ಲಗೆ ಬೆಳೆಯುತ್ತದೆ. ಮೆಲ್ಲಗೆ ಬೆಳೆಯುವುದನ್ನು 'ಸವೆತ' ಎಂದೋ, 'ಕರಾರಿಗೆ ಮೊದಲೇ ಇದ್ದ ದೋಷ' ಎಂದೋ ಕರೆಯುವುದು ಸುಲಭ. ಕ್ಯಾಮೆರಾ ಇಳಿಸಿ ಸಿಲಿಂಡರ್ ನೋಡುವ ತಪಾಸಣೆಯನ್ನು ಕೊಳ್ಳುವ ಮೊದಲೇ ಮಾಡಿಸಿದರೆ ಈ ವಾದಕ್ಕೇ ಎಡೆ ಇರುವುದಿಲ್ಲ.

ವರ್ಷ ನೋಡಿ ಕೊಳ್ಳಿ ಎನ್ನುವುದೂ ಇದಕ್ಕೇ. 2009ರ ಮಾದರಿಯಿಂದ ಬಂದ 911 ಎಂಜಿನ್ನಿನಲ್ಲಿ ಆ ಇಂಟರ್‌ಮೀಡಿಯೆಟ್ ಶಾಫ್ಟೇ ಇಲ್ಲ. ಹಿಂದಿನ 911 ಟರ್ಬೊ ಮತ್ತು 911 ಜಿಟಿ3ಗಳಲ್ಲಿದ್ದದ್ದು ಮೆಟ್ಸ್‌ಗರ್ ಎಂದು ಕರೆಯುವ ಬೇರೆಯೇ ಎಂಜಿನ್, ಈ ಬೇರಿಂಗಿನ ಕಾಟ ಅದಕ್ಕಿಲ್ಲ. ಇಲ್ಲದ ಭಾಗದ ಹೆಸರಿನಲ್ಲಿ ಹೆದರಿಸಿ ವಾರಂಟಿ ಮಾರಿದರೆ ಬೀಳಬೇಡಿ.

"ಬಂಪರಿನಿಂದ ಬಂಪರಿನವರೆಗೆ ಎಲ್ಲವೂ ಸೇರಿದೆ"

ಮಾತಿನಲ್ಲಿ ಹಾಗೆ ಹೇಳುತ್ತಾರೆ, ಕಾಗದದಲ್ಲಿ ಹಾಗಿರುವುದಿಲ್ಲ. ಕರಾರುಗಳಲ್ಲಿ ಎರಡು ಜಾತಿ: ಸೇರಿದ ಭಾಗಗಳನ್ನು ಪಟ್ಟಿ ಮಾಡಿದವು ಮತ್ತು ಸೇರದ ಭಾಗಗಳನ್ನು ಪಟ್ಟಿ ಮಾಡಿದವು. ಎರಡನೆಯದೇ ಮೇಲು. ಪಟ್ಟಿಯಲ್ಲಿ ಹೆಸರಿಲ್ಲದ ಯಾವ ಭಾಗವೂ ಅಲ್ಲಿ ರಕ್ಷಣೆಯೊಳಗೇ ಬರುತ್ತದೆ. ಅದರಲ್ಲೂ ಬ್ರೇಕ್, ಕ್ಲಚ್, ಟೈರು, ರಬ್ಬರ್ ಬುಷ್‌ಗಳು ಹೊರಗೇ.

ಹಣದ ಷರತ್ತುಗಳನ್ನು ಜನ ಓದುವುದೇ ಇಲ್ಲ, ಪೆಟ್ಟು ಬೀಳುವುದು ಅಲ್ಲಿ. ಮೆಕ್ಯಾನಿಕ್‌ನ ಗಂಟೆಯ ಕೂಲಿಗೆ ಮಿತಿ ಇರಬಹುದು. ಪೋರ್ಷೆ ವರ್ಕ್‌ಶಾಪಿನ ದರ ಅದಕ್ಕಿಂತ ಜಾಸ್ತಿಯಾದರೆ ಉಳಿದದ್ದು ನಿಮ್ಮ ಜೇಬಿನಿಂದ. ಹೊಸ ಬಿಡಿಭಾಗದ ಬದಲು ಬಳಸಿದ ಭಾಗ ಹಾಕಿಸುವ ಹಕ್ಕನ್ನು ಅವರು ಉಳಿಸಿಕೊಂಡಿರಬಹುದು. ಒಟ್ಟು ಪಾವತಿ ಕಾರಿನ ಅಂದಿನ ಬೆಲೆಯನ್ನು ಮೀರಬಾರದು ಎಂದಿರಬಹುದು. ಹಲವು ಕರಾರುಗಳಲ್ಲಿ ಮೊದಲ 30 ದಿನ ಮತ್ತು ಸಾವಿರ ಮೈಲಿಯವರೆಗೆ ಕ್ಲೈಮಿಗೆ ಅವಕಾಶವೇ ಇಲ್ಲ. ಇನ್ನು ಎಂಜಿನ್ ಬಿಚ್ಚಿ ನೋಡುವ ಖರ್ಚು. ದೋಷ ಎಲ್ಲಿದೆ ಎಂದು ಪತ್ತೆ ಮಾಡಲು ಮಾಲೀಕನೇ ಒಪ್ಪಿಗೆ ಕೊಟ್ಟು ಬಿಚ್ಚಿಸಬೇಕು. ಕ್ಲೈಮ್ ನಿರಾಕರಿಸಿದರೆ ಬಿಚ್ಚಿದ ಕೂಲಿಯೂ ಅವನ ಮೇಲೆ. ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚುವುದು ಗಂಟೆಗಳ ಮಾತಲ್ಲ, ಬಿಲ್ ಕೂಡ ಅದಕ್ಕೆ ತಕ್ಕಂತೆ.

"ಟ್ರ್ಯಾಕಿಗೆ ಒಯ್ದದ್ದು ಯಾರಿಗೆ ಗೊತ್ತಾಗುತ್ತದೆ?"

ಕಾರಿಗೇ ಗೊತ್ತಿರುತ್ತದೆ. ಎಂಜಿನ್ ಮಿತಿ ಮೀರಿ ತಿರುಗಿದ ಪ್ರತಿ ಸಲವನ್ನೂ ಪೋರ್ಷೆಯ ಕಂಟ್ರೋಲ್ ಯೂನಿಟ್ ಬರೆದಿಟ್ಟುಕೊಳ್ಳುತ್ತದೆ. ಎಷ್ಟು ವೇಗಕ್ಕೆ ಮೀರಿತು, ಕೊನೆಯ ಸಲ ಮೀರಿದ್ದು ಎಂಜಿನ್ ಓಡಿದ ಎಷ್ಟನೆಯ ಗಂಟೆಯಲ್ಲಿ ಎಂಬುದೂ ದಾಖಲಾಗುತ್ತದೆ. ಐದನೇ ಗೇರಿಗೆ ಹಾಕಬೇಕಾದಲ್ಲಿ ಮೂರಕ್ಕೆ ಹಾಕಿದ ಹಿಂದಿನ ಮಾಲೀಕನ ಒಂದು ಕ್ಷಣದ ತಪ್ಪು ಕೂಡ ಅಲ್ಲಿದೆ. ಸ್ಪರ್ಧೆ ಮತ್ತು ಟ್ರ್ಯಾಕ್ ಓಟವನ್ನು ಹೊರಗಿಡದ ಕರಾರು ಸಿಗುವುದು ಅಪರೂಪ. ಕೊಳ್ಳುವ ಮೊದಲು ಈ ವರದಿಯನ್ನು ಕೇಳಿ ಪಡೆಯಿರಿ. ಸರ್ವಿಸ್ ರಸೀದಿಗಳನ್ನೂ ಒಂದೂ ಬಿಡದೆ ಪಡೆಯಿರಿ, ಎಣ್ಣೆ ಬದಲಿಸಿದ ದಾಖಲೆ ಇಲ್ಲವೆಂಬ ಕಾರಣಕ್ಕೇ ಕ್ಲೈಮುಗಳು ಬಿದ್ದುಹೋಗುತ್ತವೆ.

"ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಹೋಯಿತು"

ತಯಾರಕರ ವಾರಂಟಿಯ ಮಟ್ಟಿಗೆ ಇದು ಸುಳ್ಳು. ತಮ್ಮಲ್ಲೇ ಸರ್ವಿಸ್ ಮಾಡಿಸಬೇಕು ಎಂಬ ಷರತ್ತನ್ನು ಮ್ಯಾಗ್ನಸನ್–ಮಾಸ್ ಕಾಯಿದೆ ಒಪ್ಪುವುದಿಲ್ಲ. ಹಣ ಕೊಟ್ಟು ಕೊಂಡ ಕರಾರಿನಲ್ಲಿ ಮಾತ್ರ, ಎಲ್ಲಿ ರಿಪೇರಿ ಮಾಡಿಸಬೇಕು, ಯಾರ ಅನುಮತಿ ಮೊದಲು ಪಡೆಯಬೇಕು ಎಂಬುದು ಆ ಕಾಗದ ಹೇಳಿದಂತೆ.

"ವಾರಂಟಿ ಕೊಳ್ಳುವುದೇ ದಂಡ"

ಮೇಲಿನದನ್ನೆಲ್ಲ ಓದಿದವರು ಇನ್ನೊಂದು ತುದಿಗೆ ಹೋಗುವ ಅಪಾಯವಿದೆ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತನ್ನ ಚಂದಾದಾರರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇಂಥ ಕರಾರು ಕೊಂಡವರಲ್ಲಿ ಶೇ. 55 ಮಂದಿ ಒಮ್ಮೆಯೂ ಅದನ್ನು ಬಳಸಿರಲಿಲ್ಲ. ಆದರೆ ಅದು ಎಲ್ಲ ಬಗೆಯ ಕಾರುಗಳ ಲೆಕ್ಕ. ಅಪರೂಪಕ್ಕೆ ಕೆಟ್ಟರೂ ಕೆಟ್ಟಾಗ ದೊಡ್ಡ ಹೊಡೆತ ಕೊಡುವ ಕಾರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. 2009ರ ಮಾದರಿಯಿಂದ 911ರಲ್ಲಿ ಬಂದ ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಗಟ್ಟಿಯಾದದ್ದೇ. ಒಳಗೆ ಸಣ್ಣದೇನೋ ಕೆಟ್ಟರೂ ಡೀಲರುಗಳು ವರ್ಷಗಟ್ಟಲೆ ಇಡೀ ಗೇರ್‌ಬಾಕ್ಸನ್ನೇ ಬದಲಿಸುತ್ತಿದ್ದರು, ಬಿಲ್ಲು ಹತ್ತು ಸಾವಿರ ಡಾಲರನ್ನು ದಾಟುತ್ತಿತ್ತು. ಅಂಥ ಕಾರನ್ನು ಇನ್ನೂ ನಾಲ್ಕೈದು ವರ್ಷ ದಿನವೂ ಓಡಿಸುವವರು, ಪೋರ್ಷೆಯೇ ಹೊಣೆ ಹೊತ್ತ ವಾರಂಟಿ ಸರಿಯಾದ ಬೆಲೆಗೆ ಸಿಕ್ಕರೆ ಕೊಳ್ಳಲಿ ಎಂದೇ ನಾನು ಹೇಳುತ್ತೇನೆ.

ಅದಕ್ಕೂ ಮೊದಲು ಕಾರಿಗೆ ಪುಕ್ಕಟೆ ರಕ್ಷಣೆ ಈಗಾಗಲೇ ಇದೆಯೇ ಎಂದು ಷಾಸಿ ಸಂಖ್ಯೆ ಕೊಟ್ಟು ವಿಚಾರಿಸಿ. 2014ರಲ್ಲಿ ಯುರೋಪಿನಲ್ಲಿ ಜಿಟಿ3 ಕಾರುಗಳಿಗೆ ಬೆಂಕಿ ಹೊತ್ತಿಕೊಂಡ ಮೇಲೆ ಪೋರ್ಷೆ ಜಗತ್ತಿನಾದ್ಯಂತ 785 ಕಾರುಗಳ ಎಂಜಿನ್ನುಗಳನ್ನೇ ಬದಲಿಸಿತು. ಆಮೇಲೆ ಆ ತಲೆಮಾರಿನ ಜಿಟಿ3 ಎಂಜಿನ್ನಿಗೆ ಅಮೆರಿಕದಲ್ಲಿ 10 ವರ್ಷ ಅಥವಾ 1,20,000 ಮೈಲಿಯವರೆಗೆ ವಾರಂಟಿ ವಿಸ್ತರಿಸಿತು. ಅದು ಕಾರಿನ ಜೊತೆಗೇ ಮುಂದಿನ ಮಾಲೀಕನಿಗೂ ಹೋಗುತ್ತಿತ್ತು. ಇರುವ ರಕ್ಷಣೆಯನ್ನೇ ಇನ್ನೊಬ್ಬರಿಂದ ದುಡ್ಡು ಕೊಟ್ಟು ಕೊಳ್ಳುವುದು ಬೇಡ.

ವಾರಂಟಿ ಬೇಡ ಎನ್ನುವುದಕ್ಕೆ ನಮ್ಮಲ್ಲಿ ಕೊಡುವ ಕಾರಣ ಬೇರೆ: ಬೆಂಗಳೂರಿನಲ್ಲಿ ಇಂಥ ಕಾರು ಕೊಳ್ಳುವವರು 'ಫುಲ್ ಇನ್ಶೂರೆನ್ಸ್ ಇದೆಯಲ್ಲ' ಎನ್ನುತ್ತಾರೆ. ನಮ್ಮ ದೇಶದ ವಾಹನ ವಿಮೆ ಅಪಘಾತಕ್ಕೆ, ಕಳವಿಗೆ. ಯಾಂತ್ರಿಕ ಅಥವಾ ವಿದ್ಯುತ್ ದೋಷವನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಎಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಮುಖ್ಯವಾಗಿ ಇರುವುದು ನೀರು ನುಗ್ಗಿ ಎಂಜಿನ್ ಹಾಳಾದ ಸಂದರ್ಭಕ್ಕೆ. ಹಣ ಕೊಟ್ಟು ಕೊಂಡ ವಾರಂಟಿಯಲ್ಲಿ ಮೋಸವಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸೇವಾ ನ್ಯೂನತೆಯ ಜೊತೆಗೆ ಅನ್ಯಾಯದ ಕರಾರಿನ ವಿರುದ್ಧವೂ ದೂರು ಕೊಡಲು ಅವಕಾಶವಿದೆ.

"ಇವತ್ತೇ ಸಹಿ ಹಾಕದಿದ್ದರೆ ಸಾಲವೂ ಇಲ್ಲ, ವಾರಂಟಿಯೂ ಇಲ್ಲ"

ಮತ್ತೆ ಅಮೆರಿಕದ ಆ ಫೈನಾನ್ಸ್ ಕೋಣೆಗೆ ಬರೋಣ. ವಾರಂಟಿ ಕೊಂಡರೆ ಮಾತ್ರ ಸಾಲ ಎಂದು ಡೀಲರ್ ಹೇಳಿದರೆ, ಸಾಲ ಕೊಡುವ ಬ್ಯಾಂಕಿಗೇ ಫೋನ್ ಮಾಡಿ ಕೇಳಿ. ಕರಾರಿನ ಬೆಲೆಯೂ ಕಾರಿನ ಬೆಲೆಯಂತೆಯೇ ಚೌಕಾಶಿಗೆ ಬಗ್ಗುತ್ತದೆ, ಡೀಲರಿನ ಲಾಭ ಅದರಲ್ಲಿ ಸಾಕಷ್ಟಿರುತ್ತದೆ. ಕರಾರಿನ ಪೂರ್ತಿ ಪ್ರತಿಯನ್ನು ಮನೆಗೆ ಒಯ್ದು ಓದುತ್ತೇನೆ ಎನ್ನಿ, ಕೊಡಲು ಒಪ್ಪದವರಿಂದ ಕೊಳ್ಳಬೇಡಿ. ಸಹಿ ಆಗಿಹೋಗಿದ್ದರೂ ಕೆಲವು ದಿನಗಳೊಳಗೆ ಪೂರ್ತಿ ಹಣ ವಾಪಸ್ ಪಡೆದು ರದ್ದು ಮಾಡುವ ಅವಕಾಶ ಅಲ್ಲಿನ ಹಲವು ರಾಜ್ಯಗಳಲ್ಲಿದೆ. ಆಮೇಲೆ ರದ್ದು ಮಾಡಿದರೆ ಉಳಿದ ಅವಧಿಯ ಪಾಲು ಬರುತ್ತದೆ. ವಾರಂಟಿಯ ಹಣವೂ ಕಾರಿನ ಸಾಲದೊಳಗೆ ಸೇರಿದ್ದರೆ ಮರುಪಾವತಿ ಹೋಗುವುದು ಬ್ಯಾಂಕಿಗೆ. ತಿಂಗಳ ಕಂತು ಇಳಿಯುವುದಿಲ್ಲ, ಸಾಲದ ಅಸಲು ಮಾತ್ರ ಅಷ್ಟು ಕರಗುತ್ತದೆ.