ಹಳೆಯ ರೇಸ್ ಕಾರಿಗೆ ಹೊಸ ಇಂಧನ ಚೀಲ

ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರವರಿ 11ರಂದು ವಿದ್ಯುತ್ತಿನಿಂದ ಓಡುವ ಫಾರ್ಮುಲಾ ಇ ರೇಸ್ ಕಾರುಗಳು ಓಡಿದಾಗ ಅವುಗಳಲ್ಲಿ ಒಂದು ಹನಿ ಪೆಟ್ರೋಲೂ ಇರಲಿಲ್ಲ. ಅದೇ ಊರಿನ ಸುಧಾ ಕಾರ್ಸ್ ಮ್ಯೂಸಿಯಂಗೆ ಹೋದರೆ ಬೇರೆಯದೇ ಲೋಕ. ಆ ಮ್ಯೂಸಿಯಂನ ಸುಧಾಕರ್ ಅವರು ತಗಡು ಬಗ್ಗಿಸಿ, ಬೆಸೆದು ಕಟ್ಟಿದ ಬದನೆಕಾಯಿ, ಶೂ, ಕ್ರಿಕೆಟ್ ಬ್ಯಾಟಿನ ಆಕಾರದ ಕಾರುಗಳು ಅಲ್ಲಿವೆ. ಬೇಕಾದ ಆಕಾರಕ್ಕೆ ಲೋಹವನ್ನು ಒಗ್ಗಿಸುವ ಇಂಥ ಕೈಚಳಕವೇ ಪೆಟ್ರೋಲಿನ ಹಳೆಯ ರೇಸ್ ಕಾರಿನ ಜೀವ ಉಳಿಸುವ ಕಸುಬಿಗೂ ಬೇಕು. ಅದು 'ಫ್ಯೂಯೆಲ್ ಸೆಲ್' ಕೂರಿಸುವ ಕಸುಬು.

ಇದು ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಫ್ಯೂಯೆಲ್ ಸೆಲ್ ಅಲ್ಲ. ರೇಸಿನವರ ಮಾತಿನಲ್ಲಿ, ಗಟ್ಟಿ ನೇಯ್ಗೆಗೆ ರಬ್ಬರ್ ಲೇಪಿಸಿದ ಪೆಟ್ರೋಲ್ ಚೀಲ. ಹೊರಗೆ ಅಲ್ಯೂಮಿನಿಯಂ ಅಥವಾ ಉಕ್ಕಿನ ಪೆಟ್ಟಿಗೆ, ಒಳಗೆ ಸ್ಪಂಜಿನಂಥ ಫೋಮ್. ಡಿಕ್ಕಿಯಾದಾಗ ತಗಡಿನ ಟ್ಯಾಂಕು ಬಿರಿಯುತ್ತದೆ, ಚೀಲ ನಜ್ಜುಗುಜ್ಜಾದರೂ ಸುಲಭಕ್ಕೆ ಹರಿಯುವುದಿಲ್ಲ. ಪೆಟ್ರೋಲು ಕುಲುಕಾಡದಂತೆ ಫೋಮ್ ಹಿಡಿದಿಡುತ್ತದೆ. 1964ರ ಇಂಡಿಯಾನಾಪೊಲಿಸ್ ರೇಸಿನ ಬೆಂಕಿಯಲ್ಲಿ ಚಾಲಕರಾದ ಎಡ್ಡಿ ಸ್ಯಾಕ್ಸ್, ಡೇವ್ ಮೆಕ್‌ಡೊನಾಲ್ಡ್ ಸತ್ತ ಮೇಲೆ ರೇಸಿನ ಲೋಕ ಎಚ್ಚೆತ್ತಿತು. 1970ರಲ್ಲಿ ಫಾರ್ಮುಲಾ 1 ಕಾರುಗಳಿಗೆ ಈ ಚೀಲ ಕಡ್ಡಾಯವಾಯಿತು.

ಅದಕ್ಕೂ ಹಿಂದಿನ ಕಾರಿಗೆ ಇದನ್ನು ಹೊಂದಿಸುವುದೇ ಕಷ್ಟದ ಕೆಲಸ. ಹಳೆಯ ಟ್ಯಾಂಕು ಕೆಲವೊಮ್ಮೆ ಬಾಲದೊಳಗೆ ಬಾಗಿರುತ್ತದೆ, ಕೆಲವೊಮ್ಮೆ ಚಾಲಕನ ಪಕ್ಕದಲ್ಲೇ ಇರುತ್ತದೆ. ಚೀಲವನ್ನು ಕತ್ತರಿಸಿ ಅಂಟಿಸುವಂತಿಲ್ಲ. ಮೊದಲು ಆ ಜಾಗಕ್ಕೆ ರಟ್ಟಿನ ಪೆಟ್ಟಿಗೆ ಮಾಡಿ ಒಳಗೆ ತೂರಿಸಿ, ಹೊರತೆಗೆದು ನೋಡಬೇಕು. ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಹಾಕಿ ರಟ್ಟನ್ನು ಮತ್ತೆ ಕತ್ತರಿಸಬೇಕು. ಆ ಅಳತೆಗೆ ಪೆಟ್ಟಿಗೆ ಕಟ್ಟಿ, ಚೀಲವನ್ನು ತಯಾರಕರಿಂದಲೇ ಮಾಡಿಸಬೇಕು. ಪೆಟ್ಟಿಗೆಯ ಒಳಗೆ ಬೆರಳಾಡಿಸಿದರೆ ಒಂದು ರಿವೆಟ್ಟಿನ ತುದಿಯಾಗಲಿ, ತಗಡಿನ ಚೂಪಾಗಲಿ ಸಿಗಬಾರದು. ಆಮೇಲೆ ಚೀಲ ಮಡಚಿ ಒಳಗಿಳಿಸಿ, ಬಿಡಿಸಿ, ಫೋಮ್ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತಾರೆ. ಕಾರು ಮಗುಚಿದರೂ ಪೆಟ್ರೋಲು ಚೆಲ್ಲದಂತೆ ಗಾಳಿಕೊಳವೆಗೆ ವಾಲ್ವ್ ಇರಲೇಬೇಕು.

ಚೀಲಕ್ಕೂ ಆಯಸ್ಸಿದೆ. ಕಾರ್ ರೇಸಿನ ಜಾಗತಿಕ ಒಕ್ಕೂಟವಾದ ಎಫ್‌ಐಎ ನಿಯಮದಂತೆ ತಯಾರಾದ ದಿನದಿಂದ 5 ವರ್ಷ. ಆಮೇಲೆ ತಯಾರಕರು ಪರೀಕ್ಷಿಸಿ ಒಪ್ಪಿದರೆ ಇನ್ನೆರಡು ವರ್ಷ. ಹಳೆಯ ಫೋಮ್ ಪುಡಿಯಾಗಿ ಫಿಲ್ಟರ್ ಕಟ್ಟುತ್ತದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ, ಅದನ್ನು ತಾಳುವ ಚೀಲ, ಫೋಮ್, ಪೈಪುಗಳನ್ನೇ ಕೇಳಿ ಪಡೆಯಬೇಕು.

ಟ್ಯಾಂಕು ಬದಲಿಸಿದರೆ ಕಾರಿನ ಹಳೆತನ ಕೆಡುತ್ತದೆ ಎಂದು ಕೆಲವರು ಕೊರಗುತ್ತಾರೆ. ಬಿಚ್ಚಿದ ಹಳೆಯ ಟ್ಯಾಂಕನ್ನು ಜೋಪಾನವಾಗಿಡಿ, ಅದು ಚರಿತ್ರೆ. ಆದರೆ ಕಾರನ್ನು ಓಡಿಸುವವರು ಇವತ್ತಿನ ಮನುಷ್ಯರು. ನಿಮ್ಮ ಶೆಡ್ಡಿನಲ್ಲಿ ಅಂಥದ್ದೊಂದು ಕಾರಿದ್ದರೆ, ಬಣ್ಣ ಹೊಡೆಸುವ ಮೊದಲು ಚೀಲದ ಮೇಲಿನ ತಾರೀಕು ನೋಡಿ.