ರೈಲುಗಳು ಕೂಡುವ ಹೊತ್ತು

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮುಖ್ಯ ನಿಲ್ದಾಣಕ್ಕೆ ರೈಲು ನೋಡಲೆಂದೇ ಹೋಗುವವರು ಗಂಟೆ ತುಂಬಲು ಇನ್ನೂ ಕಾಲು ಗಂಟೆ ಇರುವಾಗ ಅಲ್ಲಿರಬೇಕು. ನೆಲಮಟ್ಟದಲ್ಲಿ ಸಾಲಾಗಿ 16 ಹಳಿಗಳಿವೆ. ಎಲ್ಲವೂ ಛಾವಣಿಯ ಕೆಳಗೆ ಬಂದು ಅಲ್ಲೇ ಮುಗಿಯುತ್ತವೆ. ಮೊದಲಿಗೆ ಅಲ್ಲೊಂದು ಇಲ್ಲೊಂದು ರೈಲು ನಿಂತಿರುತ್ತದೆ. ಆಮೇಲೆ ಶುರುವಾಗುತ್ತದೆ ಸಾಲು. ಜರ್ಮನಿಯ ಗಡಿಯಲ್ಲಿರುವ ಬಾಸೆಲ್‌ನಿಂದ ಒಂದು, ಆಲ್ಪ್ಸ್ ತಪ್ಪಲಿನ ಖೂರ್‌ನಿಂದ ಒಂದು, ಇಟಲಿ ಕಡೆಯ ಲುಗಾನೊದಿಂದ ಇನ್ನೊಂದು. ಜನ ಇಳಿದು, ಹಳಿಗಳ ತುದಿಯ ಅಗಲವಾದ ಓಣಿಯಲ್ಲಿ ಅಡ್ಡಡ್ಡ ನಡೆದು, ಬೇರೆ ರೈಲು ಹತ್ತುತ್ತಾರೆ. ಗಂಟೆ ದಾಟಿ ಕೆಲವು ನಿಮಿಷಗಳಲ್ಲಿ ಬಂದವೆಲ್ಲ ಒಂದೊಂದಾಗಿ ಹೊರಡುತ್ತವೆ. ಸಂತೆ ಕೂಡಿ ಚೆದುರಿದ ಹಾಗೆ ಇದು ಅರ್ಧ ಗಂಟೆಗೊಮ್ಮೆ, ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತಲೇ ಇರುತ್ತದೆ.

ಯುರೋಪಿನ ಅತ್ಯಂತ ಗಡಿಬಿಡಿಯ ನಿಲ್ದಾಣಗಳಲ್ಲಿ ಇದೂ ಒಂದು. ದಿನಕ್ಕೆ ಸುಮಾರು 3,000 ರೈಲುಗಳು ಇಲ್ಲಿ ಬಂದು ಹೋಗುತ್ತವೆ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ಇಷ್ಟಿದ್ದೂ ನೂಕುನುಗ್ಗಲು ಕಾಣುವುದು ಕಡಿಮೆ. ಎಂಜಿನ್‌ಗಳ ಸೊಬಗು ನೋಡಲು ಬಂದವರು ಸ್ವಲ್ಪ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡದೊಂದನ್ನು ನೋಡತೊಡಗುತ್ತಾರೆ. ಅದು ಈ ನಿಲ್ದಾಣದ ವೇಳಾಪಟ್ಟಿ. ಬೇರೆ ಕಡೆ ಅದನ್ನು ಬೋರ್ಡಿನ ಮೇಲೆ ಓದುತ್ತೇವೆ, ಇಲ್ಲಿ ಅದು ನಮ್ಮ ಕಣ್ಣೆದುರೇ ನಡೆಯುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ದೇಶದ ಮುಖ್ಯ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಅಥವಾ ಅರ್ಧ ಗಂಟೆ ಆಗುವುದಕ್ಕೆ ತುಸು ಮೊದಲು ಬಂದು ಸೇರಬೇಕು, ತುಸು ನಂತರ ಹೊರಡಬೇಕು. ಹಾಗಾದರೆ ಯಾವ ಊರಿನವರು ಯಾವ ಊರಿಗೆ ಹೊರಟರೂ ರೈಲು ಬದಲಿಸಲು ಹೆಚ್ಚು ಕಾಯಬೇಕಿಲ್ಲ. ಸ್ವಿಸ್ ರೈಲ್ವೆ 1982ರಲ್ಲಿ ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು ಹೊರಡುವ ಪದ್ಧತಿಯನ್ನು ದೇಶವ್ಯಾಪಿಯಾಗಿ ತಂದಿತು. 1987ರ ಡಿಸೆಂಬರ್‌ನಲ್ಲಿ ‘ರೈಲು 2000’ ಎಂಬ ಯೋಜನೆ ಜನಮತಗಣನೆಗೆ ಬಂತು. ಜನ ಒಪ್ಪಿದರು. 2004ರ ಡಿಸೆಂಬರ್ 12ರಂದು ಹೊಸ ವೇಳಾಪಟ್ಟಿ ಜಾರಿಗೆ ಬಂತು.

ಆ ಯೋಜನೆಯ ಎಂಜಿನಿಯರುಗಳು ಮೊದಲು ಹಳಿ ಹಾಕಿ, ಆಮೇಲೆ ಅದರ ಮೇಲೆ ಎಷ್ಟು ವೇಗ ಸಾಧ್ಯ ಎಂದು ನೋಡಲಿಲ್ಲ. ವೇಳಾಪಟ್ಟಿಯನ್ನು ಮೊದಲು ಬರೆದು, ಅದಕ್ಕೆ ಬೇಕಾದಷ್ಟೇ ಹಳಿ ಹಾಕಿದರು. ಜ್ಯೂರಿಕ್‌ನಿಂದ ರಾಜಧಾನಿ ಬರ್ನ್‌ಗೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತಿತ್ತು. ಎರಡೂ ಕಡೆ ರೈಲುಗಳು ಕೂಡುವ ಹೊತ್ತಿಗೆ ತಲುಪಬೇಕಾದರೆ ಪ್ರಯಾಣ ಒಂದು ಗಂಟೆಯೊಳಗೆ ಮುಗಿಯಬೇಕು. ಅದಕ್ಕಾಗಿ ಮಾಟ್‌ಸ್ಟೆಟನ್ ಮತ್ತು ರೋಟ್ರಿಸ್ಟ್ ನಡುವೆ 45 ಕಿ.ಮೀ. ಹೊಸ ಮಾರ್ಗ ನಿರ್ಮಿಸಿ, ಗಂಟೆಗೆ 200 ಕಿ.ಮೀ. ವೇಗ ತಂದರು. ಪ್ರಯಾಣ 56 ನಿಮಿಷಕ್ಕೆ ಇಳಿಯಿತು. ಇನ್ನೂ ಹತ್ತು ನಿಮಿಷ ಉಳಿಸುವ ಆಸೆಗೆ ಅವರು ಬೀಳಲಿಲ್ಲ, ಏಕೆಂದರೆ ಬೇಗ ಬಂದ ರೈಲು ಮುಂದಿನ ರೈಲಿಗಾಗಿ ಸುಮ್ಮನೆ ಕಾಯಬೇಕಾಗುತ್ತದೆ.

ಜ್ಯೂರಿಕ್‌ಗೆ ರೈಲು ಬಂದದ್ದು 1847ರ ಆಗಸ್ಟ್‌ನಲ್ಲಿ, ಹತ್ತಿರದ ಬಾಡೆನ್ ಪಟ್ಟಣದಿಂದ. ಬಾಡೆನ್‌ನ ಬೇಕರಿಗಳ ‘ಸ್ಪ್ಯಾನಿಷ್ ಬ್ರೋಟ್ಲಿ’ ಎಂಬ ಪದರು ಪದರಾದ ತಿನಿಸು ಜ್ಯೂರಿಕ್‌ನ ಸಿರಿವಂತರಿಗೆ ಅಚ್ಚುಮೆಚ್ಚು. ಜನ ಆ ತಿನಿಸಿನ ಹೆಸರನ್ನೇ ರೈಲಿಗೂ ಇಟ್ಟರು. ಈಗಿನ ಕಟ್ಟಡ 1871ರದು, ವಾಸ್ತುಶಿಲ್ಪಿ ಯಾಕೋಬ್ ಫ್ರೀಡ್ರಿಕ್ ವಾನ್ನರ್ ವಿನ್ಯಾಸ ಮಾಡಿದ್ದು. ಆಗ ರೈಲುಗಳು ಆ ಭವ್ಯ ಹಜಾರದ ಒಳಗೇ ಬಂದು ನಿಲ್ಲುತ್ತಿದ್ದವು. 1930ರ ದಶಕದ ಆರಂಭದಲ್ಲಿ ಹಳಿಗಳನ್ನು ಹೊರಗೆ ಸರಿಸಿ, ಅವುಗಳ ಮೇಲೆ ಉಕ್ಕಿನ ಛಾವಣಿ ಹಾಕಿದರು. ಖಾಲಿಯಾದ ಹಜಾರದಲ್ಲಿ ಈಗ ಮಾರುಕಟ್ಟೆ ನೆರೆಯುತ್ತದೆ. ಮೇಲೆ ನಿಕಿ ಡಿ ಸೇಂಟ್ ಫಾಲ್ ರೂಪಿಸಿದ ಬಣ್ಣಬಣ್ಣದ ದೊಡ್ಡ ದೇವತೆ 1997ರಿಂದ ತೂಗುತ್ತಿದ್ದಾಳೆ. ಹೊರಗೆ ನಿಂತಿರುವ ಪ್ರತಿಮೆ ಆಲ್ಫ್ರೆಡ್ ಎಶರ್ ಅವರದು. ಗೊಟ್ಹಾರ್ಡ್ ಪರ್ವತ ಕೊರೆದು ಇಟಲಿಗೆ ರೈಲು ಹಾಯಿಸುವ ಸಾಹಸಕ್ಕೆ ಬಂಡವಾಳ ಕೂಡಿಸಿದ ನಾಯಕ ಅವರು.

ಕಣ್ಣಿಗೆ ಕಾಣುವ 16 ಹಳಿಗಳ ಕೆಳಗೆ ಇನ್ನೂ ಹತ್ತಿವೆ. 1990ರಲ್ಲಿ ಉಪನಗರ ರೈಲಿಗೆಂದು ನೆಲದಡಿ ನಾಲ್ಕು ಹಳಿ ಹಾಕಿದರು. 2014ರಲ್ಲಿ ಇನ್ನೊಂದು ಪಕ್ಕದಲ್ಲಿ, ಮತ್ತೂ ಆಳದಲ್ಲಿ, ನಾಲ್ಕು ಹಳಿಗಳ ಲೋವೆನ್‌ಸ್ಟ್ರಾಸ್ ನಿಲ್ದಾಣ ತೆರೆಯಿತು. ಜಿನೀವಾದಿಂದ ಸೇಂಟ್ ಗ್ಯಾಲನ್‌ಗೆ ಹೋಗುವಂಥ ದೂರದ ರೈಲುಗಳು ಈಗ ಇಲ್ಲಿ ದಿಕ್ಕು ಬದಲಿಸದೆ ನೇರ ಮುಂದೆ ಸಾಗುತ್ತವೆ. ಉಳಿದ ಎರಡು ಹಳಿಗಳದು ಬೇರೆ ಕಥೆ. ಅವಿರುವ ಜಾಗವನ್ನು ಮೆಟ್ರೊಗಾಗಿ ಮೊದಲೇ ಕಟ್ಟಿಟ್ಟಿದ್ದರು. 1973ರಲ್ಲಿ ಜನ ಮೆಟ್ರೊ ಬೇಡವೆಂದು ಮತ ಹಾಕಿದ್ದರಿಂದ ಅದು ಖಾಲಿ ಬಿದ್ದಿತ್ತು. ಕೊನೆಗೆ 1990ರಲ್ಲಿ ಸ್ಥಳೀಯ ರೈಲೊಂದಕ್ಕೆ ದಕ್ಕಿತು. ಇದೆಲ್ಲದರ ನಡುವೆ ಝೀಲ್ ಎಂಬ ನದಿಯೂ ಹಳಿಗಳ ಕೆಳಗಿನ ಕಾಲುವೆಗಳಲ್ಲಿ ಹರಿದುಹೋಗುತ್ತದೆ.

ಇನ್ನು ನೋಡುವ ಬಗೆ. ಈ ನಿಲ್ದಾಣಕ್ಕೆ ಗೇಟಿಲ್ಲ, ಪ್ಲಾಟ್‌ಫಾರ್ಮ್ ಟಿಕೆಟ್ಟೂ ಇಲ್ಲ. ಯಾರು ಬೇಕಾದರೂ ಒಳಗೆ ಬಂದು ಪ್ಲಾಟ್‌ಫಾರ್ಮ್‌ನ ಉದ್ದಕ್ಕೂ ನಡೆಯಬಹುದು. ನೆಲದ ಬಿಳಿ ಗೆರೆ ದಾಟದಿದ್ದರೆ ಸಾಕು.

ಮೊದಲು ಗಡಿಯಾರ ನೋಡಿ. ರೈಲ್ವೆಯ ಎಂಜಿನಿಯರ್ ಹಾನ್ಸ್ ಹಿಲ್ಫಿಕರ್ 1944ರಲ್ಲಿ ರೂಪಿಸಿದ್ದು. ಬಿಳಿ ಮುಖ, ಕಪ್ಪು ಗೆರೆಗಳು, ಅಂಕಿಗಳಿಲ್ಲ. ಅವರೇ ಆಮೇಲೆ ಸೇರಿಸಿದ ಕೆಂಪು ಸೆಕೆಂಡು ಮುಳ್ಳಿನ ತುದಿಯಲ್ಲಿ ದುಂಡನೆಯ ಬಿಲ್ಲೆಯಿದೆ. ರೈಲು ಬಿಡುವಾಗ ನಿಲ್ದಾಣದ ಸಿಬ್ಬಂದಿ ಎತ್ತಿ ತೋರಿಸುತ್ತಿದ್ದ ಫಲಕದ ಆಕಾರ ಅದು. ಈ ಮುಳ್ಳು 58 ಚಿಲ್ಲರೆ ಸೆಕೆಂಡುಗಳಲ್ಲಿ ಸುತ್ತು ಮುಗಿಸಿ ನೆತ್ತಿಯಲ್ಲಿ ನಿಂತುಬಿಡುತ್ತದೆ. ಕೇಂದ್ರ ಗಡಿಯಾರದಿಂದ ವಿದ್ಯುತ್ ಸಂಕೇತ ಬಂದೊಡನೆ ನಿಮಿಷದ ಮುಳ್ಳು ಟಕ್ಕನೆ ಒಂದು ಗೆರೆ ಮುಂದಕ್ಕೆ ಹಾರುತ್ತದೆ, ಕೆಂಪು ಮುಳ್ಳು ಮತ್ತೆ ಹೊರಡುತ್ತದೆ. ದೇಶದ ನಿಲ್ದಾಣಗಳ ಗಡಿಯಾರಗಳೆಲ್ಲ ಹೀಗೆ ನಿಮಿಷಕ್ಕೊಮ್ಮೆ ಸರಿಹೊಂದುತ್ತವೆ.

ಆಮೇಲೆ ಬಾಸೆಲ್‌ನಿಂದ ಖೂರ್‌ಗೆ ಹೋಗುವ ರೈಲನ್ನು ಹುಡುಕಿ. ಹಳಿ ಇಲ್ಲೇ ಮುಗಿಯುವುದರಿಂದ ಅದು ಬಂದ ದಾರಿಯಲ್ಲೇ ಹಿಂದೆ ಹೊರಡಬೇಕು. ಎಂಜಿನ್ ಬಿಚ್ಚಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ಜೋಡಿಸುವ ಕೆಲಸ ಇಲ್ಲಿಲ್ಲ. ರೈಲಿನ ಒಂದು ತುದಿಯಲ್ಲಿ ಎಂಜಿನ್, ಇನ್ನೊಂದು ತುದಿಯಲ್ಲಿ ಚಾಲಕನ ಕೋಣೆಯಿರುವ ಬೋಗಿ. ಎಳೆದುಕೊಂಡು ಬಂದ ಎಂಜಿನ್ ಈಗ ಹಿಂದಿನಿಂದ ತಳ್ಳುತ್ತದೆ. ಈ ತುದಿಯ ಬಿಳಿ ದೀಪಗಳು ಆರಿ ಕೆಂಪು ಹತ್ತುವುದನ್ನು, ಆ ತುದಿಯಲ್ಲಿ ಬಿಳಿ ಬೆಳಗುವುದನ್ನು ನೋಡಿದರೆ ರೈಲು ಮುಖ ತಿರುಗಿಸಿತೆಂದೇ ಅರ್ಥ.

ಆ ಕೆಂಪು ಎಂಜಿನ್‌ನ ಹೆಸರು ಆರ್‌ಇ 460. 1990ರ ದಶಕದಲ್ಲಿ ಇಂಥವು 119 ತಯಾರಾದವು. ಹೊರಮೈ ಇಟಲಿಯ ಪಿನಿನ್‌ಫರೀನಾ ವಿನ್ಯಾಸ. ಕನ್ನಡಿಗರು ಇದರ ಮುಂದೆ ಒಂದು ಕ್ಷಣ ಹೆಚ್ಚು ನಿಲ್ಲಬೇಕು. ಭಾರತೀಯ ರೈಲ್ವೆ 1993ರಲ್ಲಿ ಎಬಿಬಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಾಗ ನಮಗೆ ಬಂದ ಡಬ್ಲ್ಯುಎಪಿ-5 ಎಂಜಿನ್ ಇದೇ ಮನೆತನದ್ದು. ಅದೇ ಒಪ್ಪಂದದಲ್ಲಿ ಬಂದ ಸರಕು ಎಂಜಿನ್ ಡಬ್ಲ್ಯುಎಜಿ-9 ಅನ್ನು ಪ್ರಯಾಣಿಕರ ರೈಲಿಗೆ ಒಗ್ಗಿಸಿ ಚಿತ್ತರಂಜನ್‌ನಲ್ಲಿ ಡಬ್ಲ್ಯುಎಪಿ-7 ಮಾಡಿದರು. ಬೆಂಗಳೂರಿನ ಕೃಷ್ಣರಾಜಪುರ ಲೋಕೊ ಶೆಡ್‌ನಲ್ಲಿ ನಿಲ್ಲುವ ಎಂಜಿನ್‌ಗಳಲ್ಲಿ ಅವೂ ಇವೆ.

ವಿಯೆನ್ನಾದಿಂದ ಬರುವ ‘ರೈಲ್‌ಜೆಟ್’ ಅನ್ನು ಕಿವಿಯಿಂದ ನೋಡಬೇಕು. ಅದರ ಟಾರಸ್ ಎಂಜಿನ್ ನಿಂತಲ್ಲಿಂದ ಹೊರಡುವಾಗ ಸ್ವರಗಳ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ಮೋಟಾರಿಗೆ ವಿದ್ಯುತ್ ಒದಗಿಸುವ ಸಾಧನದ ಆವರ್ತನ ಹಂತಹಂತವಾಗಿ ಏರುವುದರಿಂದ ಬರುವ ಸದ್ದು ಅದು. ಆ ಹಂತಗಳನ್ನು ಸಂಗೀತದ ಸ್ವರಗಳಿಗೆ ಹೊಂದಿಸಿದ್ದರಿಂದ ಕೇಳುವವರಿಗೆ ಹಬ್ಬ. ಇದಲ್ಲದೆ ಪ್ಯಾರಿಸ್‌ನ ಎರಡಂತಸ್ತಿನ ಟಿಜಿವಿ, ಜರ್ಮನಿಯ ಬಿಳಿ ಐಸಿಇ, 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಸುರಂಗ ಹಾದು ಮಿಲಾನ್‌ಗೆ ಹೋಗುವ ರೈಲು, ಇಳಿಸಂಜೆಯ ಮೇಲೆ ಮಲಗುವ ಬೋಗಿಗಳ ಕಡುನೀಲಿ ‘ನೈಟ್‌ಜೆಟ್’, ಎಲ್ಲವೂ ಇಲ್ಲಿ ಸಿಗುತ್ತವೆ.

ಒಟ್ಟು ನೋಟ ಬೇಕೆಂದರೆ ನಿಲ್ದಾಣದಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ನೆಗ್ರೆಲ್ಲಿ ಕಾಲುಸೇತುವೆ ಸಿಗುತ್ತದೆ. ಹಳಿಗಳ ಬಯಲಿನ ಮೇಲೆ ಅಡ್ಡಲಾಗಿ ಹಾಯುವ ಈ ಸೇತುವೆ 2021ರಲ್ಲಿ ತೆರೆಯಿತು. ಬಾಡೆನ್‌ನಿಂದ ಬಂದ ಆ ಮೊದಲ ರೈಲುಮಾರ್ಗದ ಎಂಜಿನಿಯರ್ ಅಲೋಯಿಸ್ ನೆಗ್ರೆಲ್ಲಿಯ ಹೆಸರು ಅದಕ್ಕೆ. ಇಲ್ಲಿಂದ ರೈಲುಗಳು ಹಳಿಯಿಂದ ಹಳಿಗೆ ದಾಟುತ್ತಾ ತಮ್ಮ ತಮ್ಮ ಪ್ಲಾಟ್‌ಫಾರ್ಮ್ ಹಿಡಿಯುವುದು ಪೂರ್ತಿ ಕಾಣುತ್ತದೆ.

ನಮ್ಮವರು ಸ್ವಿಟ್ಜರ್ಲೆಂಡಿಗೆ ಹೋಗುವುದು ಹಿಮದ ಬೆಟ್ಟ ನೋಡಲು. ಹೋಗುವಾಗಲೋ ಬರುವಾಗಲೋ ಅನೇಕರು ಈ ನಿಲ್ದಾಣ ಹಾದೇ ಹೋಗುತ್ತಾರೆ. ಸೂಟ್‌ಕೇಸ್ ಎಳೆದುಕೊಂಡು ಓಡುವ ಮೊದಲು ಇಲ್ಲಿಗೂ ಅರ್ಧ ಗಂಟೆ ಕೊಡಿ. ಬೆಟ್ಟ ತಾನಾಗಿ ಬಂದದ್ದು. ಈ ವ್ಯವಸ್ಥೆಯನ್ನು ಅಲ್ಲಿನ ಜನ ಚರ್ಚಿಸಿ, ಬೇಡವಾದದ್ದಕ್ಕೆ ಬೇಡವೆಂದು, ಬೇಕಾದದ್ದಕ್ಕೆ ಹೌದೆಂದು ಮತ ಹಾಕಿ, ತೆರಿಗೆ ಕಟ್ಟಿ, ಹದಿನೇಳು ವರ್ಷ ಕಾದು ಮಾಡಿಕೊಂಡಿದ್ದಾರೆ. ರೈಲು ಬದಲಿಸುವ ಮಾಮೂಲಿ ಪ್ರಯಾಣಿಕನ ಹೊತ್ತಿಗೂ ಬೆಲೆಯಿದೆ ಎಂದು ಒಂದು ದೇಶ ತೀರ್ಮಾನಿಸಿದರೆ ಏನೆಲ್ಲ ಆಗಬಹುದೆಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಯುರೋಪಿನಲ್ಲಿ ನನಗೆ ಗೊತ್ತಿಲ್ಲ.