ಗೂಡು ಕಾಯುವ ಮೀನು

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಚಳಿಗಾಲ ಬೇಗನೆ ಹಿಮ್ಮೆಟ್ಟುತ್ತದೆ. ಅಲಬಾಮ ಪ್ರಾಂತದ ಹೊಲಗದ್ದೆಗಳ ನಡುವೆ ಇರುವ ಚಿಕ್ಕ ಕೊಳಗಳ ನೀರು ಮಾರ್ಚ್ ತಿಂಗಳಲ್ಲಿಯೇ ಬೆಚ್ಚಗಾಗತೊಡಗುತ್ತದೆ. ಅಲ್ಲಿಯವರೆಗೆ ಆಳದಲ್ಲಿ ಜಡವಾಗಿದ್ದ ಮೀನುಗಳು ದಡದತ್ತ ಬರುತ್ತವೆ. ಅವುಗಳನ್ನು ಅರಸಿಕೊಂಡು ಗಾಳ ಹಿಡಿದ ಹವ್ಯಾಸಿಗಳೂ ಬರುತ್ತಾರೆ. ದಕ್ಷಿಣದ ಬಿಸಿಲು ಚೆನ್ನಾಗಿ ತಾಗುವ ಉತ್ತರದ ದಡವೇ ಮೊದಲು ಬೆಚ್ಚಗಾಗುವುದರಿಂದ ಅನುಭವಿಗಳು ಅಲ್ಲಿಯೇ ಗಾಳ ಎಸೆಯುತ್ತಾರೆ.

ಈ ಕೊಳಗಳಲ್ಲಿ ಮುಖ್ಯವಾದ ಮೀನುಗಳು ಎರಡು. ಒಂದು, ದೊಡ್ಡ ಬಾಯಿಯ ಬಾಸ್. ಸಣ್ಣ ಮೀನುಗಳನ್ನು ಬೆನ್ನಟ್ಟಿ ನುಂಗುವ ಬೇಟೆಗಾರ. ಇನ್ನೊಂದು, ಅಂಗೈಯಗಲದ ಬ್ಲೂಗಿಲ್. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಇಂಥ ಮೀನುಗಳನ್ನು ಅಲ್ಲಿಯವರು ‘ಪ್ಯಾನ್‌ಫಿಷ್’, ಎಂದರೆ ಬಾಣಲೆಮೀನು ಎಂದು ಕರೆಯುತ್ತಾರೆ. ಬಾಸ್ ಬ್ಲೂಗಿಲ್ಲನ್ನು ತಿನ್ನುತ್ತದೆ. ಬ್ಲೂಗಿಲ್ ಸಮಯ ಸಾಧಿಸಿ ಬಾಸಿನ ಮೊಟ್ಟೆಗಳನ್ನು ತಿನ್ನುತ್ತದೆ. ಈ ಪರಸ್ಪರ ವೈರವೇ ಕೊಳದ ಸಮತೋಲಕ್ಕೆ ಆಧಾರ.

ಇದನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟವರು ಆಬರ್ನ್ ನಗರದ ಸಂಶೋಧಕ ಹೋಮರ್ ಸ್ವಿಂಗಲ್. 1930ರ ದಶಕದಿಂದ ಅವರು ಕೊಳಗಳಲ್ಲಿ ಮೀನು ಬಿಟ್ಟು, ಕಾಲಾನಂತರ ನೀರನ್ನು ಬಸಿದು, ಸಿಕ್ಕ ಮೀನುಗಳನ್ನು ಎಣಿಸಿ ತೂಗಿ ನೋಡಿದರು. ಬ್ಲೂಗಿಲ್ ಸಂತತಿ ಮಿತಿಮೀರಿದರೆ ಆಹಾರ ಸಾಲದೆ ಮೀನುಗಳು ಗಿಡ್ಡಾಗಿಯೇ ಉಳಿಯುತ್ತವೆ; ಹೊಸ ಬಾಸ್ ಮರಿಗಳೂ ಏಳಿಗೆಯಾಗುವುದಿಲ್ಲ. ಗೊಬ್ಬರ ಹಾಕಿದ ಕೊಳಕ್ಕೆ ಎಕರೆಗೆ 1000 ಬ್ಲೂಗಿಲ್ ಮರಿ, 100 ಬಾಸ್ ಮರಿ ಎಂಬ ಲೆಕ್ಕ ಅವರ ಪ್ರಯೋಗಗಳಿಂದಲೇ ಬಳಕೆಗೆ ಬಂದಿತು.

ನೀರಿನ ಉಷ್ಣತೆ ಸುಮಾರು 16ರಿಂದ 18 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಗಂಡು ಬಾಸ್ ದಡದ ಬಳಿ, ಕೆಲವೇ ಅಡಿ ಆಳದಲ್ಲಿ ಗೂಡು ಕಟ್ಟಲು ತೊಡಗುತ್ತದೆ. ಬಾಲದಿಂದ ಕೆಸರನ್ನು ಗುಡಿಸಿ ತಟ್ಟೆಯಾಕಾರದ ಗುಳಿ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮುಂದಿನ ಹೊಣೆಯೆಲ್ಲ ತಂದೆಯದೇ. ರೆಕ್ಕೆಯಾಡಿಸಿ ಮೊಟ್ಟೆಗಳಿಗೆ ಶುದ್ಧ ನೀರು ಹಾಯಿಸುತ್ತ, ಹತ್ತಿರ ಸುಳಿದವರನ್ನು ಅಟ್ಟುತ್ತ, ತಾನು ಸರಿಯಾಗಿ ಉಣ್ಣದೆ ಅದು ಕಾವಲು ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬಂದ ಮೇಲೂ ಈ ಕಾವಲು ಮುಗಿಯುವುದಿಲ್ಲ.

ಆಗ ಗೂಡಿನೊಳಗೆ ಬಿದ್ದ ಕೃತಕ ಎರೆಯನ್ನು ಅದು ಥಟ್ಟನೆ ಕಚ್ಚುತ್ತದೆ. ಅದು ಹಸಿವಿನಿಂದಲ್ಲ, ಸಂತಾನರಕ್ಷಣೆಯ ಆವೇಶದಿಂದ. ವಸಂತದಲ್ಲಿ ಬಾಸ್ ಸುಲಭವಾಗಿ ಸಿಕ್ಕುವುದಕ್ಕೆ ಇದೂ ಒಂದು ಕಾರಣ. ಆದರೆ ಕಾವಲುಗಾರ ಮೇಲಕ್ಕೆ ಬಂದೊಡನೆ ಸುತ್ತಲೂ ಹೊಂಚು ಹಾಕಿದ್ದ ಬ್ಲೂಗಿಲ್ಲುಗಳು ಗೂಡಿಗೆ ನುಗ್ಗುತ್ತವೆ. ನಿಮಿಷಗಳಲ್ಲಿಯೇ ಮೊಟ್ಟೆಗಳು ಸೂರೆಯಾಗಬಹುದು.

1972ರಲ್ಲಿ ರೇ ಸ್ಕಾಟ್ ಎಂಬವರು ತಾವು ನಡೆಸುತ್ತಿದ್ದ ಬಾಸ್ ಸ್ಪರ್ಧೆಗಳಲ್ಲಿ, ಹಿಡಿದ ಮೀನನ್ನು ಜೀವಸಹಿತ ಮರಳಿ ನೀರಿಗೆ ಬಿಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಇದರಿಂದ ಮೀನುಗಳು ಉಳಿದದ್ದು ನಿಜ. ಆದರೆ ಗೂಡಿನ ಋತುವಿನಲ್ಲಿ ಅಷ್ಟೇ ಸಾಲದು. ತೊಟ್ಟಿಯಲ್ಲಿ ಹೊತ್ತು ಕಳೆದು, ದೂರದ ದಡದಲ್ಲಿ ಬಿಟ್ಟ ಬಾಸ್ ಬದುಕಬಹುದು. ಅದರ ಮೊಟ್ಟೆಗಳು ಬದುಕಲಾರವು. ಆದುದರಿಂದ ಗೂಡಿನ ಮೇಲೆ ನಿಂತ ಮೀನು ಕಣ್ಣಿಗೆ ಬಿದ್ದರೆ ಅದರ ಗೋಜಿಗೆ ಹೋಗದಿರುವುದೇ ಮೇಲು. ಗಾಳಕ್ಕೆ ಸಿಕ್ಕರೂ ಆ ಕ್ಷಣವೇ, ಆ ಸ್ಥಳದಲ್ಲಿಯೇ ಬಿಡತಕ್ಕದ್ದು.

ಹಾಗೆಂದು ಹವ್ಯಾಸಿ ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿಲ್ಲ. ನೀರು ಇನ್ನಷ್ಟು ಕಾದು 21 ಡಿಗ್ರಿಯ ಆಸುಪಾಸಿಗೆ ಬಂದಾಗ ಬ್ಲೂಗಿಲ್ಲುಗಳ ಸರದಿ. ಅವುಗಳ ಗೂಡುಗಳು ಜೇನುಹುಟ್ಟಿನ ಕಣ್ಣುಗಳಂತೆ ಒತ್ತಾಗಿರುತ್ತವೆ. ಬಾಯಿ ಚಿಕ್ಕದಾದುದರಿಂದ ಸಣ್ಣ ಗಾಳ, ಎರೆಹುಳುವಿನ ತುಂಡು, ಮೇಲೊಂದು ಹಗುರ ಬೆಂಡು, ಇಷ್ಟಿದ್ದರೆ ಮಕ್ಕಳೂ ಹಿಡಿಯಬಲ್ಲರು. ಇಲ್ಲಿಯೂ ಗೂಡು ಕಾಯುವುದು ಗಂಡೇ ಆದುದರಿಂದ, ದೊಡ್ಡ ಗಂಡುಗಳನ್ನೆಲ್ಲ ಬಳಿದೊಯ್ಯದೆ ಮಧ್ಯಮ ಗಾತ್ರದವನ್ನು ಬಾಣಲೆಗೆ ಆರಿಸಿಕೊಳ್ಳುವುದು ಒಳ್ಳೆಯದು. ಬ್ಲೂಗಿಲ್ ವಿಪುಲವಾಗಿ ಹೆಚ್ಚುವ ಮೀನು. ಹಿತಮಿತವಾಗಿ ಹಿಡಿದರೆ ಉಳಿದವುಗಳಿಗೆ ಆಹಾರ ಒದಗುತ್ತದೆ, ಮುಂದಿನ ವಸಂತದಲ್ಲಿ ಕೊಳವೂ ತುಂಬಿರುತ್ತದೆ.